ಕೆ.ಆರ್. ಎಂಬ ಎರಡಕ್ಷರ: ನಾಲ್ವಡಿ ಕೃಷ್ಣರಾಜ ಒಡೆಯರ ಬಾಳು



ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಕಾವೇರಿ ದಡದ ಕೆ.ಆರ್. ನಗರ, ಶಾಲಾ ಪ್ರವಾಸಕ್ಕೆ ನೀವೆಲ್ಲ ಹೋಗಿ ಬರುವ ಕೆ.ಆರ್.ಎಸ್. ಈ ಹೆಸರುಗಳನ್ನು ದಿನಬೆಳಗಾದರೆ ಹೇಳುತ್ತೇವೆ. ಆದರೆ ಕೆ.ಆರ್. ಎಂದರೆ ಯಾರು ಎಂದು ತರಗತಿಯಲ್ಲಿ ಕೇಳಿದಾಗ ಎಷ್ಟೋ ಸಲ ಉತ್ತರ ಬರುವುದಿಲ್ಲ. ಸಿಟಿ ಮಾರ್ಕೆಟ್ ಬಳಿಯ ಜಾಮಿಯಾ ಮಸೀದಿಯಲ್ಲಿ ಜುಮಾ ನಮಾಜು ಮುಗಿಸಿ ಹಣ್ಣು ಕೊಂಡು ಮನೆಗೆ ಹೋಗುವ ನಮ್ಮವರಲ್ಲಿ ಎಷ್ಟು ಜನರಿಗೆ ಆ ಮಾರುಕಟ್ಟೆಯ ಪೂರ್ತಿ ಹೆಸರು ಗೊತ್ತಿದೆಯೋ ತಿಳಿಯದು. ಅದು ಕೃಷ್ಣರಾಜೇಂದ್ರ ಮಾರುಕಟ್ಟೆ. ಕೃಷ್ಣರಾಜೇಂದ್ರರೆಂದರೆ 1884ರಿಂದ 1940ರವರೆಗೆ ಬಾಳಿ, ಅದರಲ್ಲಿ 38 ವರ್ಷ ಮೈಸೂರನ್ನು ತಾವೇ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರು.

ಅವರ ಬಗ್ಗೆ ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಯಲು ಒಂದು ಕಾರಣವಿದೆ. ಮೈಸೂರು ಎಂದೊಡನೆ ನಮ್ಮ ಮನೆಗಳಲ್ಲಿ ಮಾತು ಹಜರತ್ ಟಿಪ್ಪು ಸುಲ್ತಾನರಿಂದ ಶುರುವಾಗಿ 1799ರ ಮೇ 4ಕ್ಕೆ ನಿಂತುಬಿಡುತ್ತದೆ. ಆಮೇಲಿನದು ಬೇರೆಯವರ ಚರಿತ್ರೆ, ಅದರಲ್ಲಿ ನಮಗೇನೂ ಪಾಲಿಲ್ಲ ಎಂಬಂತೆ ಮಕ್ಕಳು ಬೆಳೆಯುತ್ತಾರೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಾಲು ಇತ್ತು. ಹೇಗೆ ಇತ್ತು ಎಂಬುದನ್ನು ನೀವೇ ಓದಿ ನೋಡಿ.

ಮೊದಲು ಸ್ವಲ್ಪ ಹಿನ್ನೆಲೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರನ್ನು ಸಿಂಹಾಸನದಲ್ಲಿ ಕೂರಿಸಿದರು. 1831ರಲ್ಲಿ ಆಡಳಿತ ಸರಿಯಿಲ್ಲವೆಂದು ಹೇಳಿ ರಾಜ್ಯವನ್ನು ತಾವೇ ವಹಿಸಿಕೊಂಡು 50 ವರ್ಷ ಕಮಿಷನರುಗಳ ಮೂಲಕ ಆಳಿದರು. 1881ರಲ್ಲಿ ಮತ್ತೆ ಒಡೆಯರ ಮನೆತನಕ್ಕೆ ಒಪ್ಪಿಸಿದರು. ಒಪ್ಪಿಸಿದ್ದು ಎಂದರೆ ಪೂರ್ತಿಯಾಗಿ ಅಲ್ಲ. ಹಸ್ತಾಂತರದ ಪತ್ರದಲ್ಲಿ ಷರತ್ತುಗಳ ಸಾಲೇ ಇತ್ತು. ಸೈನ್ಯ ಎಷ್ಟಿರಬೇಕೆಂಬುದಕ್ಕೆ ಮಿತಿ, ಕೋಟೆ ಕಟ್ಟುವುದಕ್ಕೆ ಅಪ್ಪಣೆ, ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ. ಬೆಂಗಳೂರಿನ ದಂಡು ಪ್ರದೇಶ ಇಂಗ್ಲಿಷರ ಕೈಯಲ್ಲೇ ಉಳಿಯಿತು. ಮಹಾರಾಜರ ಪಕ್ಕದಲ್ಲಿ ರೆಸಿಡೆಂಟ್ ಎಂಬ ಅಧಿಕಾರಿ ಸದಾ ಕಣ್ಣಿಟ್ಟಿರುತ್ತಿದ್ದ. ಒಂದು ಕೈ ಕಟ್ಟಿಸಿಕೊಂಡು ಆಳಬೇಕಾದ ಅರಸೊತ್ತಿಗೆ ಅದು. ನಾಲ್ವಡಿಯವರ ಬಾಳನ್ನು ಅಳೆಯುವಾಗ ಇದನ್ನು ಮರೆಯಬಾರದು.

ಕೃಷ್ಣರಾಜರು ಹುಟ್ಟಿದ್ದು 1884ರ ಜೂನ್ 4ರಂದು, ಮೈಸೂರಿನಲ್ಲಿ. ತಂದೆ ಚಾಮರಾಜೇಂದ್ರ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. 1894ರ ಕೊನೆಯಲ್ಲಿ ಕಲ್ಕತ್ತೆಗೆ ಹೋಗಿದ್ದ ತಂದೆ ಗಂಟಲುಮಾರಿ ರೋಗಕ್ಕೆ ತುತ್ತಾಗಿ ಅಲ್ಲಿಯೇ ತೀರಿಕೊಂಡರು. ಮಗನಿಗೆ ಆಗ ಹತ್ತೇ ವರ್ಷ. ಸಣ್ಣ ವಯಸ್ಸಿಗೇ ವೈಧವ್ಯಕ್ಕೆ ಗುರಿಯಾದ ಆ ತಾಯಿ ಮಗನ ಹೆಸರಿನಲ್ಲಿ 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ವಾಣಿವಿಲಾಸ ಸನ್ನಿಧಾನ ಎಂದು ಜನ ಕರೆಯುವುದು ಇವರನ್ನೇ. ಇವರ ಕಾಲ ಸುಖದ್ದೇನಲ್ಲ. 1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲೇ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಪ್ಲೇಗ್ ಬಂತು. ಇಂದು ನಾವು ನೋಡುವ ಅರಮನೆ ಆ ಬೂದಿಯ ಮೇಲೆ ಎದ್ದು 1912ರಲ್ಲಿ ಮುಗಿದದ್ದು. ಶಿವನಸಮುದ್ರದ ಜಲವಿದ್ಯುತ್ ಯೋಜನೆಯನ್ನು ದಿವಾನ್ ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡದ್ದು ಸಹ ಈ ತಾಯಿಯ ಕಾಲದಲ್ಲಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು.

ಈಗ ಬಾಲಕ ಅರಸನ ಪಾಠಶಾಲೆಗೆ ಬರೋಣ. ನನಗೆ ಬಹಳ ಪ್ರಿಯವಾದ ಭಾಗ ಇದು. ಸ್ಟುವರ್ಟ್ ಫ್ರೇಜರ್ ಎಂಬ ಐ.ಸಿ.ಎಸ್. ಅಧಿಕಾರಿಯನ್ನು ಅರಸನ ಶಿಕ್ಷಕರನ್ನಾಗಿ ಇಂಗ್ಲಿಷ್ ಸರ್ಕಾರ ನೇಮಿಸಿತು. ಒಬ್ಬನೇ ಹುಡುಗನಿಗೆ ಪಾಠ ಹೇಳಿದರೆ ಅವನು ಒಂಟಿಯಾಗಿ ಬೆಳೆಯುತ್ತಾನೆಂದು ಕೆಲವು ಹುಡುಗರನ್ನು ಜೊತೆಗೆ ಸೇರಿಸಿ ಒಂದು ಸಣ್ಣ ಶಾಲೆಯನ್ನೇ ಮಾಡಿದರು. ಆ ಹುಡುಗರಲ್ಲಿ ಒಬ್ಬ ಬೆಂಗಳೂರಿನ ಮಿರ್ಜಾ ಇಸ್ಮಾಯಿಲ್. ಇವರ ಅಜ್ಜ ಅಲಿ ಅಸ್ಗರ್ ಶಿರಾಜಿಯವರು ಇರಾನಿನಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡಿ ನೆಲೆಸಿದವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ಮಿರ್ಜಾ ಅವರು ಅರಸರಿಗಿಂತ ಏಳು ತಿಂಗಳು ದೊಡ್ಡವರು ಅಷ್ಟೆ. ಒಂದೇ ಕೋಣೆಯಲ್ಲಿ ಪಾಠ, ಒಂದೇ ಮೈದಾನದಲ್ಲಿ ಆಟ, ಕುದುರೆ ಸವಾರಿ. ಅಲ್ಲಿ ಹುಟ್ಟಿದ ಸ್ನೇಹ ಒಬ್ಬರ ಮರಣದವರೆಗೂ ಮುರಿಯಲಿಲ್ಲ. ನಿಮ್ಮ ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಗೆಳೆಯನನ್ನು ಒಮ್ಮೆ ನೋಡಿಕೊಳ್ಳಿ!

ಅಂದ ಹಾಗೆ, ಅದೇ ಫ್ರೇಜರ್ ಸಾಹೇಬರು ಮುಂದೆ ಮೈಸೂರಿನ ರೆಸಿಡೆಂಟ್ ಆಗಿ ಬಂದರು. ಪಾಠ ಹೇಳಿದ ಗುರು ಸರ್ಕಾರದ ಕಾವಲುಗಾರನಾಗಿ ಎದುರು ನಿಂತಾಗ ಶಿಷ್ಯನಿಗೆ ಹೇಗನಿಸಿರಬಹುದು? ಮಹಾರಾಜರು ಮಿತಭಾಷಿ. ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕುವ ಸ್ವಭಾವ ಅವರದಲ್ಲ.

1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ 18 ವರ್ಷದ ಕೃಷ್ಣರಾಜರು ಪೂರ್ಣ ಅಧಿಕಾರ ವಹಿಸಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ಕಾಠಿಯಾವಾಡದ ವಾಣಾ ಸಂಸ್ಥಾನದ ಪ್ರತಾಪಕುಮಾರಿಯವರೊಂದಿಗೆ ವಿವಾಹವಾಗಿತ್ತು. ಮಿರ್ಜಾ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1905ರಲ್ಲಿ ಮೈಸೂರು ಸರ್ಕಾರದ ಪೊಲೀಸ್ ಇಲಾಖೆಗೆ ಸೇರಿದರು. ಆಮೇಲೆ ಹುಜೂರ್ ಕಚೇರಿಗೆ, ಅಂದರೆ ಮಹಾರಾಜರ ಬಳಿಗೇ ಬಂದರು. ಉರ್ದು ಓದುವ ಮಕ್ಕಳು ಇಲ್ಲಿ ಗಮನಿಸಬೇಕು. ಹುಜೂರ್, ದಿವಾನ್, ದರ್ಬಾರ್, ಅಮಲ್ದಾರ್, ಶೇಕ್‌ದಾರ್, ಖಜಾನೆ ಎಂಬ ಮಾತುಗಳಿಲ್ಲದೆ ಮೈಸೂರಿನ ಕಚೇರಿಯ ಕನ್ನಡ ಒಂದು ದಿನವೂ ನಡೆಯುತ್ತಿರಲಿಲ್ಲ.

ಕನ್ನಂಬಾಡಿಯ ವಿಷಯಕ್ಕೆ ಬರುತ್ತೇನೆ. 1909ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕಾವೇರಿಗೆ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆ ಮುಂದಿಟ್ಟರು. ಖರ್ಚನ್ನು ನೋಡಿ ಹಣಕಾಸಿನವರು ಹಿಂಜರಿದರು. ನದಿಯ ಕೆಳಗಿನ ಮದರಾಸು ಸರ್ಕಾರ ಆಕ್ಷೇಪಿಸಿತು. ಮದರಾಸು ಎಂದರೆ ಇಂಗ್ಲಿಷರೇ ತಾನೆ? ದೊರೆಗಳ ಸರ್ಕಾರದ ಎದುರು ಅವರ ಕೈಕೆಳಗಿನ ಸಂಸ್ಥಾನ ವಾದಿಸಬೇಕಾಯಿತು. ಯುವ ಮಹಾರಾಜರು ಕಾಗದಪತ್ರಗಳನ್ನೆಲ್ಲ ತರಿಸಿ ಓದಿ 1911ರಲ್ಲಿ ಮಂಜೂರಾತಿ ಕೊಟ್ಟರು. ಕೆಲಸ ಶುರುವಾಯಿತು, ತಕರಾರು ನಿಲ್ಲಲಿಲ್ಲ. 1924ರ ಒಪ್ಪಂದದ ಬಳಿಕವೇ ಅದು ಒಂದು ಹದಕ್ಕೆ ಬಂತು. ಅಣೆಕಟ್ಟು ಪೂರ್ತಿಯಾಗಲು ಒಟ್ಟು ಇಪ್ಪತ್ತು ವರ್ಷ ಹಿಡಿಯಿತು. ಮಂಡ್ಯದ ಒಣನೆಲ ಕಬ್ಬು, ಭತ್ತದ ಸೀಮೆಯಾದದ್ದು ಆ ನೀರಿನಿಂದ. 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು.

ಈ ಕೆಲಸದ ನಡುವೆ ಒಂದು ಕಲ್ಲು ಸಿಕ್ಕಿತು. ಅದು ಟಿಪ್ಪು ಸುಲ್ತಾನರ ಕಾಲದ ಫಾರಸಿ ಶಾಸನ. ಅದೇ ಕಾವೇರಿಗೆ, ಅದೇ ಜಾಗದ ಸಮೀಪ, ಸುಲ್ತಾನರು ಅಣೆಕಟ್ಟಿಗೆ ಅಸ್ತಿವಾರ ಹಾಕಿಸಿದ್ದನ್ನು ಆ ಕಲ್ಲು ಹೇಳುತ್ತದೆ. ಆ ನೀರಿನಿಂದ ಹೊಸದಾಗಿ ಭೂಮಿ ಹಸನು ಮಾಡುವ ರೈತರಿಗೆ ಕಂದಾಯದಲ್ಲಿ ರಿಯಾಯಿತಿ ಎಂದೂ ಅದರಲ್ಲಿದೆ. ಯೋಚಿಸಿ ನೋಡಿ. ಟಿಪ್ಪು ಬಿದ್ದದ್ದರಿಂದಲೇ ಸಿಂಹಾಸನ ಸಿಕ್ಕಿದ ಮನೆತನ ಇದು. ಮೇಲೆ ಕುಳಿತಿದ್ದವರು ಆ ಸುಲ್ತಾನರನ್ನು ಕೊಂದ ಇಂಗ್ಲಿಷರು. ಕಲ್ಲನ್ನು ಮಣ್ಣಿನಡಿ ಮುಚ್ಚಿಬಿಟ್ಟಿದ್ದರೆ ಕೇಳುವವರು ಯಾರಿದ್ದರು? ಹಾಗೆ ಮಾಡಲಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಅನುವಾದದ ಸಹಿತ ಅದನ್ನು ಅಣೆಕಟ್ಟಿನ ಪ್ರವೇಶದಲ್ಲೇ ನಿಲ್ಲಿಸಿದರು. ಪ್ರವಾಸಕ್ಕೆ ಹೋದಾಗ ನಾನು ಮಕ್ಕಳನ್ನು ಮೊದಲು ಅಲ್ಲಿ ನಿಲ್ಲಿಸುತ್ತೇನೆ. ಅರ್ಥವಾಗದಿದ್ದರೂ ಅಕ್ಷರಗಳನ್ನು ಕೂಡಿಸಿ ಓದಲು ಉರ್ದು ಬಲ್ಲ ಮಕ್ಕಳಿಗೆ ಬರುತ್ತದೆ. ಬಣ್ಣದ ಕಾರಂಜಿ ಆಮೇಲೆ.

ನಾಲ್ವಡಿಯವರ ಕಾಲದಲ್ಲಿ ಶುರುವಾದ ಸಂಸ್ಥೆಗಳ ಪಟ್ಟಿ ನಿಮ್ಮ ಪಠ್ಯಪುಸ್ತಕದಲ್ಲಿದೆ. ಮೈಸೂರು ಬ್ಯಾಂಕ್ 1913, ಕನ್ನಡ ಸಾಹಿತ್ಯ ಪರಿಷತ್ತು 1915, ಗಂಧದೆಣ್ಣೆ ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 371 ಎಕರೆ ಜಾಗ ಕೊಟ್ಟದ್ದೂ ಮೈಸೂರು ಸರ್ಕಾರವೇ. ಇವನ್ನು ಇನ್ನೊಮ್ಮೆ ಒಪ್ಪಿಸುವುದು ನನ್ನ ಉದ್ದೇಶವಲ್ಲ. ಶಿಕ್ಷಣದ ಬಗ್ಗೆ ಮಾತ್ರ ಹೇಳಲೇಬೇಕು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಆಯ್ದ ಸ್ಥಳಗಳಲ್ಲಿ ಕಡ್ಡಾಯ ಮಾಡುವ ಶಾಸನ ಬಂತು. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಜಾತಿಯ ಕಾರಣಕ್ಕೆ ಮಕ್ಕಳನ್ನು ಸರ್ಕಾರಿ ಶಾಲೆಯ ಹೊರಗೆ ನಿಲ್ಲಿಸಬಾರದೆಂಬ ಆಜ್ಞೆಯೂ ಆ ದಶಕದಲ್ಲೇ ಆಯಿತು. ಕೆಲವು ಊರುಗಳಲ್ಲಿ ದೊಡ್ಡ ಗಲಾಟೆಯೇ ಎದ್ದಿತು, ಆಜ್ಞೆ ಹಿಂದಕ್ಕೆ ಹೋಗಲಿಲ್ಲ. ನಮ್ಮ ಮಕ್ಕಳಿಗಾಗಿ ಹಿಂದೂಸ್ತಾನಿ ಶಾಲೆಗಳೆಂಬ ಹೆಸರಿನಲ್ಲಿ ಉರ್ದು ಶಾಲೆಗಳನ್ನು ಸರ್ಕಾರವೇ ನಡೆಸುತ್ತಿತ್ತು. ಇಂದಿನ ಉರ್ದು ಶಾಲೆಯ ಮೇಷ್ಟ್ರು ಸಂಬಳ ಎಣಿಸುವಾಗ ಇದನ್ನು ನೆನೆಯಬೇಕು, ನಾನೂ ಸೇರಿದಂತೆ.

ಇನ್ನು ಮಿಲ್ಲರ್ ಸಮಿತಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಇದು ನಿಮ್ಮ ಮನೆಯ ಮಾತು. ಆ ಕಾಲದಲ್ಲಿ ಮೈಸೂರಿನ ಸರ್ಕಾರಿ ಹುದ್ದೆಗಳು ಬಹುಮಟ್ಟಿಗೆ ಒಂದೇ ಸಮುದಾಯದ ಕೈಯಲ್ಲಿದ್ದವು. ಅವರು ಮೊದಲು ಇಂಗ್ಲಿಷ್ ಕಲಿತರು, ಮೊದಲು ಹುದ್ದೆ ಹಿಡಿದರು. ಕಲಿತದ್ದು ತಪ್ಪೆಂದು ಯಾರೂ ಹೇಳಲಾರರು. ಉಳಿದವರಿಗೆ ಬಾಗಿಲು ತೆರೆಯುವುದು ಹೇಗೆ ಎಂಬುದು ಪ್ರಶ್ನೆ. ಒಕ್ಕಲಿಗ, ಲಿಂಗಾಯತ ಮುಖಂಡರ ಜೊತೆ ನಮ್ಮ ಮುಸ್ಲಿಂ ಮುಖಂಡರೂ ಸೇರಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿ ಮಹಾರಾಜರಿಗೆ ಅಹವಾಲು ಕೊಟ್ಟರು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಬ್ರಾಹ್ಮಣೇತರರೆಲ್ಲರನ್ನೂ, ಮುಸ್ಲಿಮರನ್ನು ಸೇರಿಸಿ, ಹಿಂದುಳಿದವರೆಂದು ಪರಿಗಣಿಸಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಇವರು ಬರಬೇಕೆಂದು ಸಮಿತಿ ಶಿಫಾರಸು ಮಾಡಿತು. ವಿದ್ಯಾರ್ಥಿವೇತನಗಳನ್ನೂ ಸೂಚಿಸಿತು. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲೇ ಇಂಥ ಕ್ರಮ ಕೈಗೊಂಡಿದ್ದರು. ನಮ್ಮ ಕಡೆ ಇದೇ ಆರಂಭ.

ಇದರ ಬೆಲೆ ಸಣ್ಣದಲ್ಲ. 1912ರಿಂದ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂದು ನಂಬಿದವರು. ಈ ದಾರಿ ಅವರಿಗೆ ಒಪ್ಪಿಗೆಯಾಗದೆ 1918ರ ಕೊನೆಯಲ್ಲಿ ಹುದ್ದೆ ಬಿಟ್ಟರು. ಅಂಥ ದಿವಾನರನ್ನು ಕಳೆದುಕೊಳ್ಳುವುದು ಯಾವ ಅರಸನಿಗೂ ಸುಲಭವಲ್ಲ. ಆದರೂ ಮಹಾರಾಜರು ಸಮಿತಿಯನ್ನು ಕೈಬಿಡಲಿಲ್ಲ, ವಿಶ್ವೇಶ್ವರಯ್ಯನವರ ಮೇಲಿನ ಗೌರವವನ್ನೂ ಬಿಡಲಿಲ್ಲ. ಮುಂದೆ ಭದ್ರಾವತಿ ಕಾರ್ಖಾನೆ ನಷ್ಟದಲ್ಲಿ ಮುಳುಗುವಂತಾದಾಗ ಅವರನ್ನೇ ಕರೆದು ಹೊಣೆ ಒಪ್ಪಿಸಿದರು. 1921ರಲ್ಲಿ ಸಮಿತಿಯ ವರದಿಯ ಮೇಲೆ ಸರ್ಕಾರದ ಆಜ್ಞೆ ಹೊರಟಿತು. ಆಗ ದಿವಾನರಾಗಿದ್ದವರು ಕಾಂತರಾಜ ಅರಸರು, ಅರಮನೆಗೆ ಬೆಂಕಿ ಬಿದ್ದ ಮದುವೆಯ ಮದುಮಗ. ಇಂದು ಮೀಸಲಾತಿಯಲ್ಲಿ ಸೀಟು ಪಡೆದು ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಅದು ಮೊನ್ನೆ ಯಾವುದೋ ಸರ್ಕಾರ ಕೊಟ್ಟದ್ದೆಂದು ತಿಳಿದಿದ್ದಾರೆ. ಬೇರು ನೂರು ವರ್ಷ ಹಳೆಯದು.

ಮೆಚ್ಚುಗೆಯಷ್ಟನ್ನೇ ಬರೆದರೆ ಇದು ಚರಿತ್ರೆ ಆಗುವುದಿಲ್ಲ, ಹೊಗಳುಭಟ್ಟರ ಹಾಡಾಗುತ್ತದೆ. 1914ರಲ್ಲಿ ಮಹಾಯುದ್ಧ ಬಂದಾಗ ಮಹಾರಾಜರು ಇಂಗ್ಲಿಷ್ ಸರ್ಕಾರಕ್ಕೆ 50 ಲಕ್ಷ ರೂಪಾಯಿ ಕೊಟ್ಟರು, ಮೈಸೂರಿನ ಅಶ್ವದಳವನ್ನೂ ಕಳುಹಿಸಿದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದ ಸವಾರರೊಂದಿಗೆ ನಮ್ಮ ಮೈಸೂರಿನ ಸವಾರರೂ ಇದ್ದರು. ಎದುರಿಗಿದ್ದದ್ದು ತುರ್ಕಿಯ ಸೈನ್ಯ, ಖಲೀಫರ ಸೈನ್ಯ. ಮೈಸೂರು ದಳದಲ್ಲಿ ಮುಸ್ಲಿಂ ಸವಾರರೂ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕ ಹೈದರಾಬಾದ್, ಜೋಧಪುರ, ಮೈಸೂರು ದಳಗಳ ನೆನಪಿನದು. ಆ ಸವಾರರ ಮನಸ್ಸಿನ ತಳಮಳ ಯಾವ ಸ್ಮಾರಕದಲ್ಲೂ ಇಲ್ಲ. ಕೈ ಕಟ್ಟಿದ ಅರಸ ಎಂದು ಆಗಲೇ ಹೇಳಿದೆನಲ್ಲ, ಅದರ ಅರ್ಥ ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

1926ರಲ್ಲಿ ಮಹಾರಾಜರು ಮಿರ್ಜಾ ಇಸ್ಮಾಯಿಲರನ್ನು ದಿವಾನರನ್ನಾಗಿ ನೇಮಿಸಿದರು. ಅಷ್ಟರಲ್ಲಿ ಇಪ್ಪತ್ತು ವರ್ಷ ಸರ್ಕಾರದ ಕೆಲಸದಲ್ಲಿ ಪಳಗಿ ಖಾಸಗಿ ಕಾರ್ಯದರ್ಶಿಯಾಗಿದ್ದವರು ಅವರು, ಅಮೀನ್-ಉಲ್-ಮುಲ್ಕ್ ಬಿರುದನ್ನೂ ಮಹಾರಾಜರಿಂದಲೇ ಪಡೆದಿದ್ದರು. ಎರಡೇ ವರ್ಷದಲ್ಲಿ ಪರೀಕ್ಷೆ ಎದುರಾಯಿತು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯದಲ್ಲಿ ವಿವಾದ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ಹಿಂದೂ ಮುಸ್ಲಿಮರ ನಡುವೆ ಹೊಡೆದಾಟವೂ ನಡೆಯಿತು. ನಮ್ಮ ಜನ ಕೈಮಾಡಲೇ ಇಲ್ಲ ಎಂದು ನಾನು ಹೇಳಲಾರೆ. ದಿವಾನರು ಮುಸ್ಲಿಮರಾದದ್ದರಿಂದಲೇ ಹೀಗಾಯಿತೆಂದು ಹಲವರು ದೂರಿದರು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಅದರ ವರದಿ ಸರ್ಕಾರದ ನಡೆಯನ್ನೂ ಟೀಕಿಸಿತು.

ಸಹಪಾಠಿಯನ್ನು ಕೈಬಿಟ್ಟು ಜನರನ್ನು ತಣ್ಣಗಾಗಿಸುವುದು ಆ ಗಳಿಗೆಯಲ್ಲಿ ಬಹಳ ಸುಲಭವಿತ್ತು. ಮಹಾರಾಜರು ದಿನನಿತ್ಯ ಪೂಜೆ, ವ್ರತ ತಪ್ಪದ ನಿಷ್ಠಾವಂತ ಹಿಂದೂ. 1931ರಲ್ಲಿ ಕೈಲಾಸ ಮಾನಸ ಸರೋವರದ ಕಠಿಣ ಯಾತ್ರೆಯನ್ನೂ ಮಾಡಿದವರು. ಮುಸ್ಲಿಂ ದಿವಾನ ತಮ್ಮ ಧರ್ಮಕ್ಕೆ ಅಡ್ಡಿಯೆಂದು ಅವರಿಗೆ ಅನಿಸಲಿಲ್ಲ. ಮಿರ್ಜಾ ಅವರು ಮುಂದೆ ಮಹಾರಾಜರು ಬದುಕಿರುವವರೆಗೂ, ಹದಿನಾಲ್ಕು ವರ್ಷ, ದಿವಾನರಾಗಿಯೇ ಇದ್ದರು. ಲಂಡನ್ನಿನ ದುಂಡುಮೇಜಿನ ಸಭೆಗಳಲ್ಲಿ ಮೈಸೂರಿನ ಪರವಾಗಿ ಕುಳಿತರು. ಬೃಂದಾವನ ಉದ್ಯಾನ ಅವರ ಕನಸು. ಮಹಾರಾಜರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ ಇಂಗ್ಲಿಷರು ಕಪ್ಪದಲ್ಲಿ 10.5 ಲಕ್ಷ ಕಡಿಮೆ ಮಾಡಿದ್ದೂ ಇವರ ಕಾಲದಲ್ಲೇ. ಇದೇ ಮಹಾರಾಜರು 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೂ ಅಡಿಗಲ್ಲು ಇಟ್ಟರು.

ಅರಮನೆಯ ಒಳಗಿನ ಬದುಕಿನಲ್ಲಿ ದುಃಖವೇ ಹೆಚ್ಚು. ಮಕ್ಕಳಾಗಲಿಲ್ಲ. ತಂಗಿ ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯರೋಗ ಒಯ್ದಿತು. ಆ ತಂಗಿಯ ಹೆಸರಿನಲ್ಲೇ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಎದ್ದಿತು. ಬಡವನ ರೋಗವೆಂದು ದೂರ ಇಡುತ್ತಿದ್ದ ಕಾಯಿಲೆ ಅರಮನೆಯ ಹೊಸಿಲನ್ನೂ ದಾಟಿತ್ತು. ಸಮಾಧಾನಕ್ಕೆ ಉಳಿದದ್ದು ಸಂಗೀತ. ಸ್ವತಃ ಪಿಟೀಲು, ಕೊಳಲು, ವೀಣೆ, ಪಿಯಾನೋ ನುಡಿಸುತ್ತಿದ್ದರು. ಆಸ್ಥಾನದಲ್ಲಿ ವೀಣೆ ಶೇಷಣ್ಣನವರಿದ್ದಂತೆ ಸಿತಾರ್ ವಿದ್ವಾಂಸ ಬರ್ಕತುಲ್ಲಾ ಖಾನರೂ ಇದ್ದರು. ಉಸ್ತಾದ್ ಫಯಾಜ್ ಖಾನರಿಗೆ ಆಫ್ತಾಬ್-ಎ-ಮೌಸಿಕಿ ಎಂಬ ಬಿರುದು ಬಂದದ್ದು ಮೈಸೂರಿನಿಂದಲೇ.

ಕೊನೆಯ ವರ್ಷಗಳಲ್ಲಿ ಕಾಲ ಬದಲಾಗಿತ್ತು. ಗಾಂಧೀಜಿಯವರು 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಬಂದಾಗ ಸಂಸ್ಥಾನದ ಆತಿಥ್ಯ ಪಡೆದವರು, ಮಹಾರಾಜರನ್ನು ರಾಜರ್ಷಿ ಎಂದು ಗೌರವಿಸಿದವರು. ಆದರೆ ಹತ್ತು ವರ್ಷದಲ್ಲಿ ಜನ ಒಳ್ಳೆಯ ಅರಸನಷ್ಟಕ್ಕೆ ತೃಪ್ತರಾಗದೆ ತಮ್ಮದೇ ಸರ್ಕಾರ ಕೇಳತೊಡಗಿದರು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಆಗ ದಿವಾನರು ನಮ್ಮ ಮಿರ್ಜಾ ಸಾಹೇಬರೇ. ನಮ್ಮವರೆಂಬ ಅಭಿಮಾನಕ್ಕೆ ಇದನ್ನು ಮುಚ್ಚಿಡಬಾರದು. ಆಮೇಲೆ ಸರದಾರ್ ಪಟೇಲರು ಬಂದು ಮಾತುಕತೆಯಾಗಿ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶವಾಯಿತು. ಜವಾಬ್ದಾರಿ ಸರ್ಕಾರ ಮಾತ್ರ 1947ರ ಅಕ್ಟೋಬರಿನವರೆಗೆ ಬರಲಿಲ್ಲ. ಶಾಲೆ, ನೀರು, ವಿದ್ಯುತ್, ಹುದ್ದೆ ಎಲ್ಲವನ್ನೂ ಪ್ರಜೆಗಳಿಗೆ ಕೊಟ್ಟ ಅರಸರು ಅಧಿಕಾರ ಕೊಡುವ ವಿಷಯದಲ್ಲಿ ಹಿಂದೆ ಉಳಿದರು. ಮೇಲೆ ಇಂಗ್ಲಿಷರಿದ್ದರು ಎಂಬುದು ಅರ್ಧ ಉತ್ತರವಷ್ಟೆ.

1940ರ ಮಾರ್ಚಿನಲ್ಲಿ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮುಂಬಯಿಯಲ್ಲಿ ತೀರಿಕೊಂಡರು. ಆ ಪೆಟ್ಟಿನಿಂದ ಮಹಾರಾಜರು ಚೇತರಿಸಿಕೊಳ್ಳಲಿಲ್ಲ. ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 56. ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಹೊಸ ಮಹಾರಾಜರೊಂದಿಗೆ ಅಭಿಪ್ರಾಯಭೇದ ಉಂಟಾಗಿ ಮಿರ್ಜಾ ಇಸ್ಮಾಯಿಲರು 1941ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಜಯಪುರದ ಮಹಾರಾಜರು ಅವರನ್ನು ಕರೆಸಿಕೊಂಡರು. ಅಲ್ಲಿನ ದೊಡ್ಡ ಬಜಾರು ರಸ್ತೆಗೆ ಎಂ.ಐ. ರೋಡ್ ಎಂದು ಹೆಸರು. ಅಲ್ಲಿಯ ಮಕ್ಕಳನ್ನು ಎಂ.ಐ. ಎಂದರೆ ಯಾರು ಎಂದು ಕೇಳಿದರೆ ಅವರೂ ನಮ್ಮ ಮಕ್ಕಳಂತೆಯೇ ಸುಮ್ಮನಾಗುತ್ತಾರೋ ಏನೋ. ಮಿರ್ಜಾ ಸಾಹೇಬರು ಕೊನೆಗೆ ಬೆಂಗಳೂರಿಗೇ ಹಿಂತಿರುಗಿ ಬಂದು 1959ರ ಜನವರಿ 5ರಂದು ಇಲ್ಲಿಯೇ ಕಣ್ಣುಮುಚ್ಚಿದರು.